ಹಳೆಯ ಮಿನಿಗೆ ಸ್ಟೇಜ್ ಒನ್: ಸೂಜಿ ಮರೆತರೆ ಕೆಟ್ಟಿತು

998 ಸಿಸಿಯ ಹಳೆಯ ಮಿನಿ ಕಾರನ್ನು ಚುರುಕಾಗಿಸಲು ಎಂಜಿನ್ ಬಿಚ್ಚಬೇಕಿಲ್ಲ. ಗಾಳಿ ಸಲೀಸಾಗಿ ಬಿಡುವ ಏರ್ ಫಿಲ್ಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರತರುವ ಪೈಪುಗಳು), ಅದಕ್ಕೊಪ್ಪುವ ಸೈಲೆನ್ಸರ್ ಸಾಕು. ಈ ಮೊದಲ ಹಂತದ ಮಾರ್ಪಾಡೇ ಸ್ಟೇಜ್ ಒನ್.

ಮ್ಯಾನಿಫೋಲ್ಡ್‌ಗೆ ಹೊಸ ಗ್ಯಾಸ್ಕೆಟ್ಟೇ ಹಾಕಿ, ನಟ್‌ಗಳನ್ನು ಮಧ್ಯದಿಂದ ಹೊರಕ್ಕೆ ಸ್ವಲ್ಪಸ್ವಲ್ಪವೇ ಬಿಗಿಸಿ. ಎಂಜಿನ್ ಅಲುಗದಂತೆ ಹಿಡಿಯುವ ಸರಳಾದ ಸ್ಟೆಡಿ ಬಾರ್‌ನ ಬುಷ್ ಸವೆದಿದ್ದರೆ ಈಗಲೇ ಬದಲಿಸಿ. ಎಂಜಿನ್ ಓಲಾಡುತ್ತಿದ್ದರೆ ಹೊಸ ಪೈಪೂ ಬಿರುಕು ಬಿಡುತ್ತದೆ.

ಹಲವರು ಎಡವುವುದು ಕಾರ್ಬ್ಯುರೇಟರ್‌ನಲ್ಲಿ. ಗಾಳಿ ಹೆಚ್ಚಿ ಪೆಟ್ರೋಲ್ ಸಾಲದಿದ್ದರೆ ಎಂಜಿನ್ನಿನ ಪಿಸ್ಟನ್, ವಾಲ್ವ್ ಸುಡುತ್ತವೆ. ಮಿನಿಯ ಎಸ್‌ಯು ಕಾರ್ಬ್ಯುರೇಟರ್‌ನ ಮೇಲಿರುವ ಡ್ಯಾಶ್‌ಪಾಟ್ (ಮುಚ್ಚಳದಂಥ ಭಾಗ) ಎತ್ತಿ, ಹೆಚ್ಚು ಪೆಟ್ರೋಲ್ ಬಿಡುವ ಸೂಜಿ ಕೂರಿಸಿ. ಸೂಜಿಯ ಭುಜ (ದಪ್ಪ ಭಾಗ ಮುಗಿಯುವ ಅಂಚು) ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ನಿನ ತಳಕ್ಕೆ ಸಮವಾಗಿರಲಿ.

ಎಂಜಿನ್ ಬಿಸಿಯಾದಾಗ ಕಾರ್ಬ್ಯುರೇಟರ್ ಪಿಸ್ಟನ್ನನ್ನು 1 ಮಿ.ಮೀ.ನಷ್ಟು ಎತ್ತಿ ನೋಡಿ. ಎಂಜಿನ್ ನಿಂತರೆ ಪೆಟ್ರೋಲ್ ಕಡಿಮೆ. ವೇಗ ಏರಿ ಅಲ್ಲೇ ಉಳಿದರೆ ಜಾಸ್ತಿ. ಕ್ಷಣಮಾತ್ರ ಏರಿ ಇಳಿದರೆ ಸರಿ. ಒಂದಿಷ್ಟು ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿಯಲ್ಲಿ ಬಿಸ್ಕತ್ತಿನ ಬಣ್ಣ ಕಾಣಬೇಕು.