ಉಬುಂಟುವಿನಲ್ಲಿ ತಂತ್ರಾಂಶ: ಮೌಸ್ ಸಾಕೋ, ಟರ್ಮಿನಲ್ ಬೇಕೋ?

ವಿಂಡೋಸ್ ಬಿಟ್ಟು ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಗೆ ಬಂದವರು ವಿಡಿಯೊ ನೋಡುವ ವಿಎಲ್‌ಸಿ ಬೇಕೆಂದರೆ ಹಳೇ ರೂಢಿಯಂತೆ ಬ್ರೌಸರ್ ತೆರೆದು ಅದರ ಜಾಲತಾಣ ಹುಡುಕುತ್ತಾರೆ. ನಾನೂ ಹುಡುಕಿದವನೇ. ಇಲ್ಲಿ ಆ ಅಲೆದಾಟ ಬೇಡ. ಸಾವಿರಾರು ತಂತ್ರಾಂಶಗಳನ್ನು ಪೇರಿಸಿಟ್ಟ ಉಗ್ರಾಣವೇ ಉಬುಂಟುವಿಗಿದೆ, ರೆಪೊಸಿಟರಿ ಅಂತ ಅದರ ಹೆಸರು. ಅಲ್ಲಿಂದ ತರಿಸಿಕೊಳ್ಳಲು ಎರಡು ದಾರಿ.

ಮೌಸ್ ದಾರಿ ಸುಲಭ. ಉಬುಂಟು 24.04ರಲ್ಲಿ ಆ್ಯಪ್ ಸೆಂಟರ್ ತೆರೆದು ಹೆಸರು ಹುಡುಕಿ, ಇನ್‌ಸ್ಟಾಲ್ ಒತ್ತಿ, ಕೇಳಿದರೆ ಪಾಸ್‌ವರ್ಡ್ ಕೊಡಿ. ಏನು ಬೇಕೆಂದು ಇನ್ನೂ ಗೊತ್ತಿಲ್ಲದವರು, ಚಿತ್ರ ನೋಡಿ ಆರಿಸುವವರು ಇಲ್ಲೇ ಇರಲಿ. ಆದರೆ ಇಲ್ಲಿ ಮೊದಲು ಕಾಣುವುದು ಸ್ನ್ಯಾಪ್ ರೂಪದ್ದು, ಅಂದರೆ ಬೇಕಾದ ಪೂರಕಗಳನ್ನೂ ತನ್ನೊಳಗೇ ಕಟ್ಟಿಕೊಂಡು ಬರುವ ತಂತ್ರಾಂಶ. ಅದು ಬೇರೆಯದೇ ಉಗ್ರಾಣದಿಂದ ಬರುತ್ತದೆ, ಗಾತ್ರವೂ ಸಾಮಾನ್ಯವಾಗಿ ದೊಡ್ಡದು. ಮೊದಲು ಹೇಳಿದ ಉಗ್ರಾಣದ ಡೆಬ್ ರೂಪವೇ ಬೇಕಿದ್ದರೆ ಫಿಲ್ಟರ್ ಬದಲಿಸಿಕೊಳ್ಳಿ.

ಈಗ ಕನ್ನಡದ ‘ಗುಬ್ಬಿ’ ಫಾಂಟ್ ಬೇಕೆನ್ನಿ. ಅದು ಆ್ಯಪ್ ಅಲ್ಲವಲ್ಲ, ಆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗದು. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ ಟರ್ಮಿನಲ್, ಅಂದರೆ ಆಜ್ಞೆ ಟೈಪಿಸುವ ಕಿಟಕಿ, ತೆರೆಯಿರಿ. ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ (sudo apt update) ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಜಾಗ ಬಿಟ್ಟು ಟೈಪಿಸಿ ಎಂಟರ್ ಒತ್ತಿ. ಹೆಸರು ಅಪ್‌ಡೇಟ್ ಆದರೂ ಇದು ತರುವುದು ಉಗ್ರಾಣದ ದಾಸ್ತಾನು ಪಟ್ಟಿಯನ್ನಷ್ಟೇ.

ಪಾಸ್‌ವರ್ಡ್ ಕೇಳುತ್ತದೆ. ಟೈಪಿಸುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡದಿದ್ದರೆ ಗಾಬರಿ ಬೇಡ. ಕೀಬೋರ್ಡ್ ಕೆಟ್ಟಿತೆಂದು ನಾನು ವೈರ್ ಕಿತ್ತು ಮತ್ತೆ ಸಿಕ್ಕಿಸಿದ್ದೆ! ಟೈಪಿಸಿ ಎಂಟರ್ ಒತ್ತಿ, ಅಷ್ಟೆ.

ಬಳಿಕ ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ’ (sudo apt install fonts-gubbi). ಜೊತೆಗೆ ಬೇರೆ ಪ್ಯಾಕೇಜುಗಳೂ (ಉಗ್ರಾಣದಿಂದ ಬರುವ ತಂತ್ರಾಂಶದ ಕಟ್ಟುಗಳು) ಬೇಕಾದರೆ ಅವುಗಳ ಪಟ್ಟಿ, ಹಿಡಿಯುವ ಜಾಗ ಎಲ್ಲ ತೋರಿಸಿ ಒಪ್ಪಿಗೆ ಕೇಳುತ್ತದೆ. ಕಣ್ಣು ಮುಚ್ಚಿ ವೈ ಒತ್ತಬೇಡಿ. ತೆಗೆದುಹಾಕುವ ಪ್ಯಾಕೇಜುಗಳ ಸಾಲೇ ಉದ್ದವಿದ್ದರೆ ಎನ್ ಒತ್ತಿ ಹಿಂದೆ ಸರಿಯಿರಿ.

ನನಗೆ ಟರ್ಮಿನಲ್ ಹಿಡಿಸಿದ್ದು ಇದಕ್ಕೇ: ಏನು ನಡೆಯುತ್ತಿದೆ, ಎಲ್ಲಿ ಎಡವಿತು ಎಂದು ಬಾಯಿ ಬಿಟ್ಟು ಹೇಳುತ್ತದೆ. ಪ್ಯಾಕೇಜ್ ಸಿಗಲಿಲ್ಲ ಎಂದರೆ ಬಹುಪಾಲು ಸ್ಪೆಲಿಂಗ್ ತಪ್ಪು. ‘ಲಾಕ್’ (ಒಂದು ಸಲಕ್ಕೆ ಒಂದೇ ಇನ್‌ಸ್ಟಾಲ್ ನಡೆಯಲೆಂದು ಹಾಕುವ ಬೀಗ) ಸಿಗಲಿಲ್ಲ ಎಂದರೆ ಹಿನ್ನೆಲೆಯಲ್ಲಿ ಇನ್ನೊಂದು ಇನ್‌ಸ್ಟಾಲ್ ನಡೆದಿದೆ, ಎಷ್ಟೋ ಸಲ ಉಬುಂಟುವಿನದೇ ತಾನಾಗಿ ಆಗುವ ಅಪ್‌ಡೇಟ್. ಲಾಕ್ ಫೈಲನ್ನೇ ಅಳಿಸಿ ಎನ್ನುವ ಸಲಹೆಗಾರರು ಸಿಗುತ್ತಾರೆ, ಕೇಳಬೇಡಿ. ಕಾಫಿ ಕುಡಿದು ಬಂದು ಮತ್ತೆ ಅದೇ ಆಜ್ಞೆ ಕೊಡಿ.

ಫಾಂಟ್ ಹಿಡಿಸಲಿಲ್ಲವೆ? ಅದೇ ಸಾಲಿನಲ್ಲಿ ‘ಇನ್‌ಸ್ಟಾಲ್’ ಇದ್ದ ಕಡೆ ‘ರಿಮೂವ್’ (remove) ಹಾಕಿ.