ಕನ್ನಂಬಾಡಿ ಕಟ್ಟೆಯೂ ಕಡ್ಲೆಕಾಯಿ ಪೊಟ್ಟಣವೂ

ಮಳೆಗಾಲ ಬಂತೆಂದರೆ ಮಂಡ್ಯದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಕಟ್ಟೆ ಎಷ್ಟಾಯ್ತು?" ಹಾಲಿನ ಡೈರಿ ಮುಂದೆ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಇದೇ. ಉತ್ತರ ಅಡಿ ಲೆಕ್ಕದಲ್ಲಿ ಬರುತ್ತದೆ. ನೂರಾಯ್ತು, ನೂರಾಹತ್ತಾಯ್ತು. ಕಟ್ಟೆ ಅಂದರೆ ಕಾವೇರಿಗೆ ಕಟ್ಟಿರುವ ಕನ್ನಂಬಾಡಿ ಕಟ್ಟೆ, ಅದೇ ಕೆ.ಆರ್.ಎಸ್. ಅಣೆಕಟ್ಟು. ಅದರ ಪೂರ್ತಿ ಮಟ್ಟ 124.80 ಅಡಿ ಅನ್ನೋದು ಇಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ.

ನಾನು ಸಂಜೆ ಹೊತ್ತು ಮನೆಯಲ್ಲೇ ಹೈಸ್ಕೂಲ್ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಮಾಡುತ್ತೇನೆ. ಶನಿವಾರ ಪಾಠ ಇಲ್ಲ. ಜಗಲಿ ಮೇಲೆ ಕೂತು ಒಂದೇ ಒಂದು ಪ್ರಶ್ನೆ ಹಿಡಿದು ಮಾತಾಡುತ್ತೇವೆ. ಮೊದಮೊದಲು ನಾನೇ ಒಗಟಿನ ಪುಸ್ತಕದಿಂದ ಪ್ರಶ್ನೆ ಆರಿಸಿ ತರುತ್ತಿದ್ದೆ. ಚುರುಕಾದ ಇಬ್ಬರು ಥಟ್ಟನೆ ಉತ್ತರ ಹೇಳಿಬಿಡುತ್ತಿದ್ದರು, ಉಳಿದವರು ತಲೆ ತಗ್ಗಿಸಿ ಕೂರುತ್ತಿದ್ದರು. ನನಗೆ ಅದು ಸರಿಬರಲಿಲ್ಲ. ಆಮೇಲೆ ಒಂದಿನ ಹುಡುಗನೊಬ್ಬ, "ಮಿಸ್, ಒಂದು ಗುಂಟೆ ದೊಡ್ಡದಾ, ಥರ್ಟಿ ಫಾರ್ಟಿ ಸೈಟ್ ದೊಡ್ಡದಾ?" ಎಂದ. ಅವತ್ತು ಯಾರೂ ಸುಮ್ನೆ ಕೂರಲಿಲ್ಲ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಸೈಟು 1,200. ಸೈಟೇ ದೊಡ್ಡದು ಅಂತ ಗೊತ್ತಾದಾಗ ಅಪ್ಪನ ಜಮೀನು ನೋಡಿ ಬೆಳೆದ ಮಕ್ಕಳಿಗೆ ನಂಬೋಕೇ ಆಗಲಿಲ್ಲ. ಅವತ್ತಿಂದ ಪ್ರಶ್ನೆ ತರುವ ಕೆಲಸ ಮಕ್ಕಳಿಗೇ ಬಿಟ್ಟೆ. ಅಂದಾಜನ್ನು ಮೊದಲು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯಬೇಕು. ಆಮೇಲೇ ಲೆಕ್ಕ.

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪೇಪರ್ ಹಿಡಿದುಕೊಂಡು ಬಂದಳು. ಕಟ್ಟೆ 100 ಅಡಿ ಆಗಿತ್ತು. ಒಳಗಿರುವ ನೀರನ್ನು ಪೇಪರಿನಲ್ಲಿ ಟಿಎಂಸಿ ಎಂಬ ಅಳತೆಯಲ್ಲಿ ಹಾಕುತ್ತಾರೆ. "124.80ರಲ್ಲಿ 100 ಅಂದ್ರೆ ನೂರಕ್ಕೆ ಎಂಬತ್ತು. ಆದ್ರೆ ನೀರು ಮಾತ್ರ 23 ಟಿಎಂಸಿ ಆಸುಪಾಸು ಅಂತ ಹಾಕಿದ್ದಾರೆ. ಪೂರ್ತಿ ತುಂಬಿದ್ರೆ 49.45. ಅರ್ಧಾನೂ ಇಲ್ವಲ್ಲ ಮಿಸ್, ಪೇಪರಿನವರು ತಪ್ಪು ಹಾಕಿದ್ದಾರಾ?"

ಎದುರು ಮನೆಯ ಹಿರಿಯರು ಕಬ್ಬು ಬೆಳೆಯುವವರು, ಶನಿವಾರ ಅವರೂ ಬಂದು ಕೂರುತ್ತಾರೆ. "ತಳದಲ್ಲಿ ಹೂಳು ತುಂಬೈತೆ ಕಣವ್ವ, ಅದಕ್ಕೇ," ಎಂದರು. ನಾನೂ ಹಿಂದೆಮುಂದೆ ನೋಡದೆ ಹೌದು ಎಂದುಬಿಟ್ಟೆ. ಹುಡುಗಿ ಬಿಡಲಿಲ್ಲ. "ಹೂಳಿದ್ರೆ ತುಂಬಿದಾಗ್ಲೂ ಕಡಿಮೆ ತೋರಿಸ್ಬೇಕಲ್ವಾ? ಅಲ್ಲಿ 49.45 ಪೂರ್ತಿ ಹಾಕಿದ್ದಾರಲ್ಲ?" ಅವಳು ಕೇಳಿದ್ದು ಸರಿಯಾಗಿತ್ತು. ನಾನು ನನ್ನ ಮಾತು ವಾಪಸ್ ತಗೊಂಡೆ.

ಸೂತ್ರ ಹೇಳಿದ್ದರೆ ಎರಡು ನಿಮಿಷದ ಕೆಲಸ. ಹೇಳಲಿಲ್ಲ. ದಪ್ಪ ಕಾಗದ ಸುತ್ತಿ ಕಡ್ಲೆಕಾಯಿ ಮಾರುವವರು ಕೊಡುತ್ತಾರಲ್ಲ, ಅಂಥ ಪೊಟ್ಟಣ ಮಾಡಿದೆವು. ತುದಿಯಿಂದ ಬಾಯಿಯವರೆಗೆ ಸರಿಯಾಗಿ 20 ಸೆಂಟಿಮೀಟರ್ ಇರುವಂತೆ ಕತ್ತರಿಸಿ, 16ಕ್ಕೆ ಒಂದು ಗೆರೆ, 10ಕ್ಕೆ ಒಂದು ಗೆರೆ ಎಳೆದೆವು. 20ರಲ್ಲಿ 16 ಅಂದರೆ ನೂರಕ್ಕೆ ಎಂಬತ್ತೇ, ಕಟ್ಟೆಯ ಹಾಗೆ. ಅಡುಗೆ ಮನೆಯಿಂದ ರಾಗಿ ತಂದು, ಎಣ್ಣೆ ಡಬ್ಬದ ಮುಚ್ಚಳದಲ್ಲಿ ಅಳೆದು ಸುರಿಯುತ್ತಾ ಹೋದೆವು. ಅರ್ಧ ಎತ್ತರಕ್ಕೆ ಎಷ್ಟು ಹಿಡಿಯುತ್ತೆ ಅಂದಾಗ ಎಲ್ಲರೂ ಅರ್ಧ ಎಂದು ಬರೆದಿದ್ದರು. ಒಬ್ಬಳು ಮಾತ್ರ ಕಾಲು ಭಾಗ ಎಂದಿದ್ದಳು.

10ರ ಗೆರೆಗೆ ಬರುವ ಹೊತ್ತಿಗೆ ಸುರಿದದ್ದು ಬರೀ 6 ಮುಚ್ಚಳ. 16ರ ಗೆರೆಗೆ 22. ಬಾಯಿ ಮಟ್ಟ ಆಗುವಾಗ 41. ಕೊನೆಯ ನಾಲ್ಕು ಸೆಂಟಿಮೀಟರಿಗೇ 19 ಮುಚ್ಚಳ ರಾಗಿ ಹೋಗಿತ್ತು. ಮಕ್ಕಳು ಇನ್ನೊಂದು ಸಲ ಸುರಿದು ನೋಡಿದರು. ಅಷ್ಟೇ ಬಂತು.

ಆಗ ಕಾರಣ ಹೇಳೋದು ಸುಲಭವಾಯಿತು. ಎತ್ತರ ಅರ್ಧ ಆದರೆ ಪೊಟ್ಟಣದ ಉದ್ದಗಲವೂ ಅರ್ಧ ಆಗುತ್ತದೆ. ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು. ಅದಕ್ಕೇ ಎಂಟನೇ ಒಂದು ಪಾಲು. ನೂರಕ್ಕೆ ಎಂಬತ್ತು ಎತ್ತರವಾದರೆ 0.8ನ್ನು ಮೂರು ಸಲ ಗುಣಿಸಬೇಕು, 0.512 ಬರುತ್ತದೆ. ಸರಿಸುಮಾರು ಅರ್ಧ. ಹೊಳೆಯ ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಪೊಟ್ಟಣದ ಲೆಕ್ಕದಲ್ಲಿ 25 ಟಿಎಂಸಿ ಇರಬೇಕಿತ್ತು, ಇದ್ದದ್ದು 23. ಅಂದರೆ ನಮ್ಮ ಕಟ್ಟೆ ಪೊಟ್ಟಣಕ್ಕಿಂತ ಇನ್ನೂ ಜಾಸ್ತಿ ಅಗಲಿಸುತ್ತಾ ಹೋಗುತ್ತದೆ. ಈ ಎರಡು ಟಿಎಂಸಿ ವ್ಯತ್ಯಾಸ ನನಗೆ ಉತ್ತರಕ್ಕಿಂತ ಹೆಚ್ಚು ಇಷ್ಟವಾಯಿತು.

ಎದುರು ಮನೆಯವರು ಸ್ವಲ್ಪ ಹೊತ್ತು ಪೊಟ್ಟಣವನ್ನೇ ನೋಡುತ್ತಿದ್ದರು. "ನೂರಾಇಪ್ಪತ್ತು ದಾಟಿದ್ಮೇಲೆ ಅಡಿ ಏರೋದು ನಿಧಾನ ಅಂತ ಚಿಕ್ಕಂದಿನಿಂದ ನೋಡಿವ್ನಿ. ಒಳಹರಿವೇ ಕಮ್ಮಿ ಆಯ್ತದೆ ಅನ್ಕಂಡಿದ್ದೆ," ಎಂದರು. ಆಮೇಲೆ ಅವರೇ ಮುಂದಿನ ಪ್ರಶ್ನೆ ಹಾಕಿದರು. "ತುಂಬಕ್ಕೆ ಇನ್ನೆಷ್ಟು ದಿನ ಹಿಡೀತದೆ? ಕಟ್ಟೆಯಿಂದ ಬರೋ ವಿ.ಸಿ. ನಾಲೆ ನೀರು ನಂಬ್ಕಂಡೇ ನಾವು ನಾಟಿ ಮಾಡೋದು."

ಪೇಪರಿನಲ್ಲಿ ಒಳಹರಿವು ಕ್ಯೂಸೆಕ್ಸ್‌ನಲ್ಲಿ ಬರುತ್ತದೆ, ನೀರು ಟಿಎಂಸಿಯಲ್ಲಿ. ಎರಡನ್ನೂ ಒಂದೇ ಅಳತೆಗೆ ತರಬೇಕಾಯಿತು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, 28 ಲೀಟರಿಗಿಂತ ಚೂರು ಜಾಸ್ತಿ. ನಮ್ಮ ಬಚ್ಚಲಿನ ಬಕೆಟ್ಟಿನಲ್ಲಿ ಎರಡು ಬಕೆಟ್. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಭಾಗಿಸಿದರೆ 11,574. ಅಷ್ಟು ಕ್ಯೂಸೆಕ್ಸ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು, ಕಟ್ಟೆಯ ಸುದ್ದಿ ಯಾರು ಬೇಕಾದರೂ ತಾವೇ ಲೆಕ್ಕ ಹಾಕಿ ನೋಡಬಹುದು.

ಒಳಹರಿವು 20,000, ಹೊರಹರಿವು 5,000 ಇದೆ ಅಂತ ಇಟ್ಟುಕೊಂಡೆವು. ನಿಲ್ಲುವುದು 15,000, ದಿನಕ್ಕೆ 1.3 ಟಿಎಂಸಿ ಹತ್ತಿರ. ಬೇಕಿರುವುದು 26.45. ಇಪ್ಪತ್ತು ದಿನ ಎಂದು ಹುಡುಗಿ ಜಗಲಿಯ ಕಂಬದ ಮೇಲೆ ದೊಡ್ಡದಾಗಿ ಬರೆದಳು.

ಮಾರನೆಯ ದಿನ ಟ್ಯೂಷನ್ ಇರಲಿಲ್ಲ. ಆದರೂ ಬೆಳಿಗ್ಗೆ ಬಂದಳು. ಕೊಡಗಿನಲ್ಲಿ ಮಳೆ ಜಾಸ್ತಿಯಾಗಿ ಒಳಹರಿವು ಏರಿತ್ತು. ಇಪ್ಪತ್ತನ್ನು ಅಂಗೈಯಲ್ಲಿ ಒರೆಸಿ, ಪೇಪರನ್ನು ಮಂಡಿ ಮೇಲೆ ಹರಡಿಕೊಂಡು ಮತ್ತೆ ಭಾಗಿಸೋಕೆ ಕೂತಳು.