ಸ್ಕ್ರೂ ಬಿಗಿದು ಕೂರಿಸಿದ ಇಂಪ್ಲಾಂಟ್ ಹಲ್ಲುಗಳು: ನನ್ನ ಅನುಭವ

ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿನಲ್ಲಿ ಇಂಪ್ಲಾಂಟ್ ಬ್ರಿಡ್ಜ್‌ಗಳನ್ನು (ಎಲುಬಿನಲ್ಲಿ ಕೂರಿಸಿದ ಕೃತಕ ಬೇರುಗಳ ಮೇಲೆ ನಿಲ್ಲುವ ಜೋಡಿಹಲ್ಲುಗಳನ್ನು) ಸಿಮೆಂಟ್‌ನಿಂದ ಅಂಟಿಸುವುದನ್ನು ಬಹುಮಟ್ಟಿಗೆ ಕೈಬಿಟ್ಟು ಏಳೆಂಟು ವರ್ಷಗಳಾದವು; ಈಗ ಹಲ್ಲಿನಲ್ಲಿ ಬಿಟ್ಟ ರಂಧ್ರದ ಮೂಲಕ ಸ್ಕ್ರೂ ಬಿಗಿದು ಕೂರಿಸುತ್ತೇನೆ. ದವಡೆಹಲ್ಲಿನ ನಟ್ಟನಡುವೆ ರಂಧ್ರ ಬಿಟ್ಟರೆ ಪಿಂಗಾಣಿ ಒಡೆಯುತ್ತದೆ, ಸ್ಕ್ರೂ ಸಡಿಲವಾಗಿ ರೋಗಿಗಳು ಮತ್ತೆ ಮತ್ತೆ ಬರುತ್ತಾರೆ ಎಂದು ಹಿರಿಯ ಸಹೋದ್ಯೋಗಿಗಳು ಎಚ್ಚರಿಸಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಹೆಚ್ಚುಕಡಿಮೆ ಮೂರರಲ್ಲೊಂದು ಬ್ರಿಡ್ಜ್ ಸಡಿಲಗೊಂಡಿತು, ಕೆಲವದರಲ್ಲಿ ರಂಧ್ರದ ಅಂಚಿನ ಪಿಂಗಾಣಿ ಹಾರಿತು, ಮರುಮಾಡಿಸಿದ ಲ್ಯಾಬ್ ಖರ್ಚೇ 40 ಸಾವಿರ ರೂಪಾಯಿ ದಾಟಿತು.

ಕಾರಣ, ಬ್ರಿಡ್ಜ್ ಎಲ್ಲ ಇಂಪ್ಲಾಂಟ್‌ಗಳ ಮೇಲೂ ಸರಿಯಾಗಿ ಕೂರುತ್ತಿರಲಿಲ್ಲ: ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದು ಎಕ್ಸ್-ರೇ ತೆಗೆದಾಗ ಇನ್ನೊಂದು ತುದಿಯಲ್ಲಿ ಕೂದಲೆಳೆಯಷ್ಟು ಅಂತರ ಕಾಣುತ್ತಿತ್ತು. ಉಳಿದ ಸ್ಕ್ರೂಗಳ ಬಿಗಿತವೆಲ್ಲ ಆ ಅಂತರವನ್ನು ಎಳೆದು ಮುಚ್ಚುವುದರಲ್ಲೇ ಮುಗಿದುಹೋಗುತ್ತಿತ್ತು. ಅಂದಿನಿಂದ ಓಪನ್ ಟ್ರೇ ಅಳತೆಯನ್ನೇ (ಮೇಲೆ ತೆರವಿರುವ ತಟ್ಟೆಯಿಂದ ತೆಗೆಯುವ ಬಾಯಿಯ ಅಚ್ಚು) ತೆಗೆದುಕೊಳ್ಳುತ್ತೇನೆ. ಅಚ್ಚಿಗಾಗಿ ಇಂಪ್ಲಾಂಟ್‌ಗಳಿಗೆ ಸಿಕ್ಕಿಸುವ ಕೋಪಿಂಗ್‌ಗಳನ್ನು ಪ್ಯಾಟರ್ನ್ ರೆಸಿನ್ ಎಂಬ ಗಟ್ಟಿಯಾಗುವ ಪ್ಲಾಸ್ಟಿಕ್‌ನಿಂದ ಜೋಡಿಸಿ, ಕತ್ತರಿಸಿ, ರೆಸಿನ್ ಕುಗ್ಗುವುದು ನಿಂತ ಮೇಲೆ ಬಾಯಿಯಲ್ಲೇ ಮತ್ತೆ ಬೆಸೆಯುತ್ತೇನೆ. ಬೆಸೆಯುವ ಕ್ರಮವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಲ್ಯಾಬ್‌ನಲ್ಲಿ ಬಳಸಿದ ಸ್ಕ್ರೂ ಬಾಯಿಗೆ ಹೋಗಕೂಡದು. ನಾನು ಬಳಸುವ ಸಿಸ್ಟಮ್‌ನಲ್ಲಿ ಇಂಪ್ಲಾಂಟ್‌ಗೆ ನೇರವಾಗಿ ಕೂರುವ ಸ್ಕ್ರೂವಿಗೆ 35, ಮಲ್ಟಿಯೂನಿಟ್ (ಇಂಪ್ಲಾಂಟ್‌ಗೂ ಬ್ರಿಡ್ಜ್‌ಗೂ ನಡುವಿನ ಜೋಡಣೆಯ ತುಂಡು) ಮೇಲಿನದಕ್ಕೆ 15 ನ್ಯೂಟನ್ ಸೆಂಟಿಮೀಟರ್ ಟಾರ್ಕ್, ಅಂದರೆ ತಿರುಚುವ ಬಲ. ಬಿಗಿದು, ಹತ್ತು ನಿಮಿಷ ಕಾದು, ಅದೇ ಟಾರ್ಕ್‌ಗೆ ಇನ್ನೊಮ್ಮೆ ಬಿಗಿಯಲೇಬೇಕು. ಈಚಿನ ನಾಲ್ಕು ವರ್ಷಗಳಲ್ಲಿ ಸಡಿಲಗೊಂಡವು ಮೂರೋ ನಾಲ್ಕೋ ಇರಬಹುದು. ಅಂದು ಎಚ್ಚರಿಸಿದವರಲ್ಲಿ ಇಬ್ಬರು ಈಗ ತಮ್ಮ ಕಠಿಣ ಕೇಸ್‌ಗಳನ್ನು ನನಗೇ ಕಳಿಸುತ್ತಾರೆ.

ಸ್ಕ್ರೂವಿನ ಮೇಲಿನ ರಂಧ್ರ ತುಂಬುವುದಕ್ಕೆ ಹತ್ತಿ, ಗಟ್ಟಾಪರ್ಚಾ (ಹಲ್ಲಿನ ಬೇರು ತುಂಬಲು ಬಳಸುವ ರಬ್ಬರಿನಂಥ ವಸ್ತು) ಎರಡನ್ನೂ ಪ್ರಯೋಗಿಸಿ ನೋಡಿದೆ. ಹತ್ತಿ ಆರು ತಿಂಗಳಲ್ಲೇ ದುರ್ವಾಸನೆ ಬೀರಿತು, ಗಟ್ಟಾಪರ್ಚಾ ಸ್ಕ್ರೂವಿನ ತಲೆಗೆ ಅಂಟಿಕೊಂಡು ಬಿಡಿಸುವಾಗ ಸತಾಯಿಸಿತು. ನಲ್ಲಿ ಜೋಡಿಸುವವರು ಬಳಸುವ ಟೆಫ್ಲಾನ್ ಟೇಪನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಮುಕ್ತಗೊಳಿಸಿ) ಒತ್ತಿ ತುಂಬಿ, ಮೇಲೆ ಹಲ್ಲಿನ ಬಣ್ಣದ ಕಾಂಪೊಸಿಟ್ ಹಾಕುವುದೇ ಅತ್ಯುತ್ತಮ; ಒಂದು ಸುರುಳಿಗೆ 30 ರೂಪಾಯಿಯೂ ಆಗಲಾರದು.

ಒಸಡಿನೊಳಗೆ ಉಳಿದ ಸಿಮೆಂಟ್ ಎಲುಬನ್ನೇ ಕರಗಿಸಬಲ್ಲದು. ಈ ಪದ್ಧತಿಯಲ್ಲಿ ಆ ಭಯವೇ ಇಲ್ಲ. ಒಸಡು ಊದಿಕೊಂಡಾಗ ಬ್ರಿಡ್ಜನ್ನು ಕತ್ತರಿಸದೆ ಬಿಚ್ಚಿ, ಶುಚಿಗೊಳಿಸಿ, ಅಂದೇ ಮರಳಿ ಕೂರಿಸಬಹುದು. ಎದುರು ಹಲ್ಲಿಗೂ ಇಂಪ್ಲಾಂಟ್‌ಗೂ ನಡುವೆ 5 ಮಿಲಿಮೀಟರ್ ಜಾಗವಷ್ಟೇ ಇದ್ದಾಗಲೂ ಇದು ನಿಲ್ಲುತ್ತದೆ; ಅಷ್ಟು ಗಿಡ್ಡ ಅಬಟ್‌ಮೆಂಟ್ (ಇಂಪ್ಲಾಂಟ್ ಮೇಲೆ ನಿಂತು ಹಲ್ಲನ್ನು ಹೊರುವ ಗೂಟ) ಮೇಲೆ ಸಿಮೆಂಟ್‌ಗೆ ಹಿಡಿತ ಸಿಗುವುದಿಲ್ಲ. ಆದರೆ ಲ್ಯಾಬ್ ದರ ಒಂದೊಂದು ಕ್ರೌನಿಗೆ (ಮೇಲೆ ಕೂರುವ ಕೃತಕ ಹಲ್ಲಿಗೆ) ಒಂದೂವರೆ ಎರಡು ಸಾವಿರ ರೂಪಾಯಿ ಹೆಚ್ಚು. ಮೇಲ್ದವಡೆಯ ಮುಂಭಾಗದಲ್ಲಿ ಇಂಪ್ಲಾಂಟ್ ತುಟಿಯ ಕಡೆಗೆ ವಾಲಿದ್ದರೆ ರಂಧ್ರ ಹಲ್ಲಿನ ಮುಖದ ಮೇಲೆಯೇ ತೆರೆದುಕೊಳ್ಳುತ್ತದೆ. 25 ಡಿಗ್ರಿಯವರೆಗೆ ಓರೆ ಚಾನೆಲ್ (ಸ್ಕ್ರೂವಿನ ಓರೆದಾರಿ) ಮಾಡಿಸಬಹುದಾದರೂ ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಕು. ಅದಕ್ಕೂ ಮೀರಿದ ಓರೆಯಿದ್ದರೆ, ಕ್ರೌನಿನ ಅಂಚನ್ನು ಒಸಡಿನ ಮಟ್ಟದಲ್ಲೇ ಉಳಿಸಿಕೊಂಡು ಇಂದಿಗೂ ಸಿಮೆಂಟ್‌ನಿಂದಲೇ ಅಂಟಿಸುತ್ತೇನೆ.